ಮೂರನೇ ಕುರ್ಚಿಯ ನೇರಳೆ ಪಟ್ಟಿ

ಫೆಬ್ರವರಿ ೧೧

ಹತ್ತಿಕೈ,

ನೀನು ಫೋನು ಎತ್ತುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕಾಗದ ಹಿಡಿದಿದ್ದೇನೆ. ಶಾಲೆ ಬಿಟ್ಟ ಮೇಲೆ ನಾನು ಇಷ್ಟುದ್ದ ಬರೆದದ್ದು ಸೋಪಿನ ಏಜೆನ್ಸಿಯವನ ಮೇಲೆ ದೂರು ಕೊಡುವಾಗ ಮಾತ್ರ. ಅದರಲ್ಲಿ ಅರ್ಧ ಬೈಗುಳ. ಇದರಲ್ಲಿ ಬೈಗುಳ ಇಲ್ಲ, ಇದ್ದರೂ ಅದು ನನಗೇ.

ನಿನ್ನಿಂದ ನನಗೆ ಒಂದೇ ಒಂದು ವಿಷಯ ಬೇಕು. ನನ್ನ ಮಗ ನಿನ್ನ ಕುರ್ಚಿಯಲ್ಲಿ ಕೂತು ಏನು ಹೇಳುತ್ತಿದ್ದ?

ಈ ಪ್ರಶ್ನೆ ಎಲ್ಲಿಂದ ಬಂತು ಎಂದು ಹೇಳುತ್ತೇನೆ. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ, ಸಹಿಸಿಕೋ. ಮೊದಲಿನಿಂದ ಹಿಡಿಯದಿದ್ದರೆ ನನಗೆ ಮಾತಿನ ಕೊನೆ ಸಿಗುವುದಿಲ್ಲ.

ಆ ಯಂತ್ರ ಮಾರುವವನು ಸಲೂನಿಗೆ ಬಂದಾಗ ನೀನೂ ಇದ್ದೆ. ಪ್ರತಿ ಕನ್ನಡಿಯ ಮೇಲೂ ಒಂದು ಕ್ಯಾಮೆರಾ ಕೂರಿಸುತ್ತೇವೆ, ಎಐ ಗಿರಾಕಿಯ ಮುಖ ನೋಡಿ ಅವನ ಮನಸ್ಸಿನಲ್ಲಿರುವುದನ್ನು ಹೇಳುತ್ತದೆ ಎಂದ. ಸಂತೋಷಕ್ಕೆ ಹಸಿರು, ದುಃಖಕ್ಕೆ ನೀಲಿ, ಕೋಪಕ್ಕೆ ಕೆಂಪು, ಭಯಕ್ಕೆ ನೇರಳೆ, ಏನೂ ಇಲ್ಲದಿದ್ದರೆ ಬೂದು. ವಾರಕ್ಕೊಮ್ಮೆ ಕುರ್ಚಿಗೊಂದರಂತೆ ಬಣ್ಣದ ಪಟ್ಟಿ ಬರುತ್ತದೆ, ಯಾರ ಕೈಯಲ್ಲಿ ಗಿರಾಕಿ ಖುಷಿಯಾಗಿದ್ದಾನೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ ಎಂದ. ನೀನು ಟವೆಲು ಮಡಚುತ್ತಾ, "ಅದಕ್ಕೆ ಕನ್ನಡಿ ಇದೆಯಲ್ಲಪ್ಪ" ಎಂದಿದ್ದೆ. ಎಲ್ಲರೂ ನಕ್ಕೆವು. ನಗುತ್ತಲೇ ನಾನು ಸಹಿ ಹಾಕಿದೆ. ನೆಲ ಗುಡಿಸುವುದರಿಂದ ಶುರು ಮಾಡಿದವನು ನಾನು. ಏಳು ಕುರ್ಚಿಯನ್ನೂ ಕೂತಲ್ಲಿಂದಲೇ ಅಳೆಯಬಹುದು ಎಂದರೆ ಆಸೆಯಾಗದೆ ಇರುತ್ತದೆಯೇ?

ಮೊದಮೊದಲು ಚೆನ್ನಾಗಿಯೇ ಇತ್ತು. ನನ್ನ ಕುರ್ಚಿಯ ಪಟ್ಟಿ ಹುಲ್ಲುಗಾವಲಿನ ಹಾಗೆ ಹಸಿರು. ನಾನು ಬಾಯಿ ಮುಚ್ಚಿದರೆ ತಾನೇ ಗಿರಾಕಿ ಬೂದಾಗುವುದು. ಕಿಟಕಿ ಪಕ್ಕದ ನಿನ್ನ ಮೂರನೇ ಕುರ್ಚಿಯದು ಬೂದು, ಅಲ್ಲಲ್ಲಿ ನೀಲಿ. ಬುಧವಾರ ಮಧ್ಯಾಹ್ನ ಮಾತ್ರ ದಪ್ಪನೆಯ ನೇರಳೆ. ಮುಂದಿನ ಬುಧವಾರವೂ ಹಾಗೆಯೇ, ಅದರ ಮುಂದಿನದೂ ಹಾಗೆಯೇ. ಪಟ್ಟಿಯ ಜೊತೆ ಒಂದು ತುಂಡು ವಿಡಿಯೋ ಬರುತ್ತಿತ್ತು. ಗಿರಾಕಿಯ ಗುಟ್ಟು ಬಯಲಾಗಬಾರದೆಂದು ಅದರಲ್ಲಿ ಮುಖಕ್ಕೆ ನೊರೆ ಬಳಿದ ಹಾಗೆ ಬಿಳಿ ಮಸುಕು ಹಾಕಿರುತ್ತಾರೆ. ಕಾಣುವುದು ಕುರ್ಚಿ, ಮೈಗೆ ಹೊದಿಸಿದ ಬಟ್ಟೆ, ನಿನ್ನ ಕೈ, ರೇಜರ್. ಕುರ್ಚಿ ಹಿಂದಕ್ಕೆ ವಾಲುತ್ತದೆ, ಕೆಳಗಿನ ಪಟ್ಟಿಯಲ್ಲಿ ನೇರಳೆ ಏಳುತ್ತದೆ. ಬುಧವಾರ ನಾನು ಸಗಟು ಅಂಗಡಿಗೆ ಬ್ಲೇಡು, ಪೌಡರು ತರಲು ಹೋಗುತ್ತೇನೆ, ಆ ಹೊತ್ತಿನಲ್ಲಿ ಯಾರು ಬರುತ್ತಾರೆಂದು ಕಂಡವನಲ್ಲ. ಕೇಳಲೂ ಇಲ್ಲ. ನೀನು ಚಹಾ ಲೋಟ ಹಿಡಿದಾಗ ಬೆರಳು ಸಣ್ಣಗೆ ನಡುಗುವುದನ್ನು ಮಾತ್ರ ನೋಡಿದ್ದೆ. ಅದನ್ನೂ ಇದನ್ನೂ ಕೂಡಿಸಿದೆ, ಉತ್ತರ ಬಂತು.

ಆ ದಿನ ಅಂಗಡಿ ತುಂಬ ಜನ. ಕಂಪ್ಯೂಟರಿನ ಪರದೆಯನ್ನು ನಿನ್ನ ಕಡೆ ತಿರುಗಿಸಿ ನಾನು ಹೇಳಿದ್ದು ನಿನಗೆ ನೆನಪಿಲ್ಲದೆ ಇರುವುದಿಲ್ಲ. "ನೋಡೋ, ನಿನ್ನ ರೇಜರ್ ಕಂಡ್ರೆ ಗಿರಾಕಿಗೆ ಜೀವ ಬಾಯಿಗೆ ಬರ್ತಿದೆ. ಇನ್ಮೇಲೆ ಗಲ್ಲಾದಲ್ಲಿ ಕೂತ್ಕೋ, ಆರಾಮಾಗಿರು." ತಮಾಷೆಯ ದನಿಯಲ್ಲೇ ಹೇಳಿದ್ದೆ. ಕಾಯುತ್ತಿದ್ದವರಲ್ಲಿ ಇಬ್ಬರು ನಕ್ಕರು. ನೀನು ಆ ಪರದೆಯನ್ನು ಬಹಳ ಹೊತ್ತು ನೋಡಿದೆ. ಏಪ್ರನ್ ಬಿಚ್ಚಿ, ಮಡಚಿ, ಕುರ್ಚಿಯ ಕೈ ಮೇಲಿಟ್ಟು ಹೊರಟುಹೋದೆ.

ಮೊನ್ನೆ ಒಬ್ಬ ಗಿರಾಕಿ ಕೊಡೆ ಕಳೆದುಹೋಯಿತೆಂದು ರಂಪ ಮಾಡಿದ. ಯಾವಾಗ ಎಂದರೆ ಜನವರಿಯ ಒಂದು ಬುಧವಾರ. ಮಸುಕು ಹಾಕದ ಪೂರ್ತಿ ವಿಡಿಯೋ ನಮ್ಮ ಗಲ್ಲಾದ ಕೆಳಗಿನ ಡಬ್ಬಿಯಲ್ಲೇ ಇರುತ್ತದೆ. ಕೊಡೆ ಹುಡುಕಲು ಕೂತೆ. ಕೊಡೆ ಸಿಗಲಿಲ್ಲ. ಮೂರನೇ ಕುರ್ಚಿಯಲ್ಲಿ ನನ್ನ ಮಗ ಸಿಕ್ಕ.

ಹಿಂದಿನ ಬುಧವಾರವೂ ಅವನೇ. ಅದರ ಹಿಂದಿನದೂ ಅವನೇ. ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಾನೆ, ನೀನು ಬಗ್ಗಿ ಕಿವಿ ಕೊಡುತ್ತೀಯ. ವಿಡಿಯೋಗೆ ದನಿ ಇಲ್ಲ. ಹತ್ತು ಹನ್ನೆರಡು ಅಂತಸ್ತಿನ, ಲಿಫ್ಟ್ ಓಡಾಡುವ ಗುಂಡಿಯಲ್ಲಿ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ರಿಪೇರಿ ಮಾಡುವ ಮಗ ಅವನು. ಅವನು ನಿನ್ನ ರೇಜರಿಗೆ ಹೆದರುತ್ತಾನೆಯೇ? ಚಿಕ್ಕಂದಿನಲ್ಲಿ ಅವನ ಮೊದಲ ಕೂದಲು ತೆಗೆದವನೇ ನೀನು. ನಾನು ಇಲ್ಲದ ಹೊತ್ತು ನೋಡಿ ನನ್ನದೇ ಅಂಗಡಿಗೆ ಬರುತ್ತಿದ್ದನೆಂದರೆ ಏನೋ ಇದೆ. ಅದೇನೆಂದು ನಿನಗೆ ಗೊತ್ತು.

ಕೆನ್ನೆಗೆ ತಾಗಿದ್ದೂ ಗೊತ್ತಾಗುವುದಿಲ್ಲ ಎಂದು ನಿನಗೆ ಹತ್ತಿಕೈ ಎಂದು ಹೆಸರಿಟ್ಟವನು ನಾನು. ಆ ಕೈಗೆ ಭಯದ ಬಣ್ಣ ಕಟ್ಟಿದವನೂ ನಾನೇ. ವಾಪಸು ಬಾ ಎಂದು ಕರೆಯುವ ಮುಖ ನನಗಿಲ್ಲ. ಮಗನ ವಿಷಯ ಮಾತ್ರ ಹೇಳು.

ಅಂಚೆಯವನ ದಾರಿ ನೋಡುತ್ತಿರುವ,
ರೇಡಿಯೋ


ಫೆಬ್ರವರಿ ೨೦

ರೇಡಿಯೋ,

ಕಾಗದ ಬಂತು. ಫೋನು ಎತ್ತದೆ ಇದ್ದದ್ದು ಕೋಪಕ್ಕಲ್ಲ. ಫೋನಿನಲ್ಲಿ ನಿನಗೆ ಬಾಯಿ ಕೊಟ್ಟರೆ ನನ್ನ ಸರದಿ ಬರುವುದೇ ಇಲ್ಲ. ಕಾಗದವಾದರೆ ಮಡಚಿಟ್ಟು, ಉಸಿರು ತೆಗೆದುಕೊಂಡು, ಆಮೇಲೆ ಓದಬಹುದು. ಕೋಪವೂ ಇತ್ತು, ಸುಳ್ಳು ಯಾಕೆ.

ನಾನೀಗ ಆಸ್ಪತ್ರೆಯಲ್ಲಿದ್ದೇನೆ. ಗಾಬರಿಯಾಗಬೇಡ, ಕೆಲಸಕ್ಕೆ. ಆಪರೇಷನ್ನಿಗೆ ಹೋಗುವವರ ಕೂದಲು ತೆಗೆಯುವುದು, ಎದ್ದು ಕೂರಲಾಗದವರಿಗೆ ಗಡ್ಡ ಮಾಡುವುದು. ಬಟ್ಟಲು ಹಿಡಿದು ಮಂಚದಿಂದ ಮಂಚಕ್ಕೆ ಹೋಗುತ್ತೇನೆ. ಇಲ್ಲಿ ನಿನ್ನ ಯಂತ್ರ ತಂದು ನಿಲ್ಲಿಸಿದರೆ ವಾರ್ಡಿಗೆ ವಾರ್ಡೇ ನೇರಳೆ. ಆದರೂ ನನ್ನನ್ನು ಯಾರೂ ಗಲ್ಲಾಕ್ಕೆ ಕಳಿಸಿಲ್ಲ.

ಕೈ ನಡುಗುವುದು ನಿಜ. ಲೋಟ ಹಿಡಿದರೆ ನಡುಗುತ್ತದೆ, ಪೆನ್ನು ಹಿಡಿದರೆ ನಡುಗುತ್ತದೆ, ಈ ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ. ಕೆನ್ನೆಯ ಮೇಲೆ ಇಟ್ಟಾಗ ನಿಲ್ಲುತ್ತದೆ. ಯಾಕೆ ನಿಲ್ಲುತ್ತದೆ ಎಂದು ನನಗೂ ಗೊತ್ತಿಲ್ಲ, ಇನ್ನು ಸ್ವಲ್ಪ ಕಾಲಕ್ಕೆ ಅಲ್ಲೂ ನಿಲ್ಲದೆ ಹೋಗಬಹುದು. ಒಳಗೆ ಕರೆದು ಬಾಗಿಲು ಹಾಕಿ ಕೇಳಿದ್ದರೆ ಇಷ್ಟನ್ನೂ ಅವತ್ತೇ ಹೇಳುತ್ತಿದ್ದೆ.

ಮಗನ ವಿಷಯ ಹೇಳುವುದಿಲ್ಲ. ಕುರ್ಚಿಯಲ್ಲಿ ಕೂತವನು ಆಡಿದ ಮಾತು ಅವನ ಕೂದಲ ಜೊತೆಗೇ ಗುಡಿಸಿಹೋಗಬೇಕು. ನಮ್ಮಿಬ್ಬರಿಗೂ ಕೆಲಸ ಕಲಿಸಿದ ಮುದುಕ ಮೊದಲ ದಿನ ಹೇಳಿದ್ದು ಅದನ್ನೇ, ಕೈಗೆ ಕತ್ತರಿ ಕೊಟ್ಟದ್ದು ಆಮೇಲೆ. ನೀನು ಆ ದಿನ ರಜೆ ಹಾಕಿದ್ದೆ ಅಂತ ಕಾಣುತ್ತದೆ.

ಮಗನದ್ದನ್ನು ಮಗನನ್ನೇ ಕೇಳು. ಕೇಳಿದ ಮೇಲೆ ನೀನು ಮಾತಾಡಬೇಡ.

ಹತ್ತಿಕೈ


ಮಾರ್ಚ್ ೪

ಹತ್ತಿಕೈ,

ಕೇಳಿದೆ. ನನ್ನ ರೀತಿಯಲ್ಲಿ ಕೇಳಿದೆ, ಅದೇ ತಪ್ಪಾಯಿತು. ಊಟಕ್ಕೆ ಕೂತಾಗ, "ಏನೋ, ಕರೆಂಟು ಹೋದ ಲಿಫ್ಟ್ ಥರ ನಡುಮಧ್ಯ ನಿಂತಿದೀಯಲ್ಲ, ಯಾವ ಬಟನ್ ಒತ್ಬೇಕು ನಿಂಗೆ?" ಎಂದೆ. ಅವನು ಅನ್ನ ಅರ್ಧಕ್ಕೇ ಬಿಟ್ಟು ತಟ್ಟೆ ತೊಳೆದಿಟ್ಟು ಎದ್ದುಹೋದ. ನಮ್ಮ ಮನೆಯವಳು ನನ್ನ ಮುಖ ನೋಡದೆ ಒಂದೇ ಮಾತು ಹೇಳಿದಳು. "ತಿಂಗಳುಗಟ್ಟಲೆಯಿಂದ ಅವನು ಗೋಡೆಗೆ ಒರಗಿಕೊಂಡು ಕೂತೇ ನಿದ್ದೆ ಮಾಡ್ತಾನೆ. ಮಲಗಲ್ಲ. ಅದನ್ನ ನೋಡೋಕೂ ಒಂದು ಯಂತ್ರ ತರಿಸ್ತೀರಾ?"

ಅಲ್ಲಿಗೆ ನಿಲ್ಲಿಸಬೇಕಿತ್ತು. ನಾನು ಮಾಡಿದ್ದು ಕೇಳು. ಡಬ್ಬಿಯಲ್ಲಿದ್ದ ಬುಧವಾರಗಳನ್ನೆಲ್ಲ ಒಟ್ಟು ಮಾಡಿ ಯಂತ್ರದವನ ಆಫೀಸಿಗೆ ಹೋದೆ. ಮಸುಕು ಹಾಕದೆ, ಈ ಒಂದು ಮುಖವನ್ನಷ್ಟೇ ಹಿಡಿದು, ಉದ್ದಕ್ಕೂ ಬಣ್ಣ ಹಾಕಿ ಕೊಡು ಎಂದೆ. ಗಿರಾಕಿಯ ಒಪ್ಪಿಗೆ ಬೇಕು ಎಂದ. ಗಿರಾಕಿ ನನ್ನ ಮಗ ಎಂದೆ. ಮಗನ ಒಪ್ಪಿಗೆ ಇದೆಯೇ ಎಂದು ಅವನು ಕೇಳಲಿಲ್ಲ, ನಾನೂ ನೆನಪಿಸಲಿಲ್ಲ.

ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಮಗನ ಮುಖ. ಹುಬ್ಬಿಗೊಂದು ಗೆರೆ, ತುಟಿಯ ಅಂಚಿಗೊಂದು ಚುಕ್ಕಿ, ಕೆನ್ನೆಯ ಮೇಲೆ ಜೇಡರ ಬಲೆಯ ಹಾಗೆ ಗೆರೆಗಳು. ಅವನು ಹುಬ್ಬು ಗಂಟಿಕ್ಕಿದರೆ ಬಲೆ ಮಿಸುಕುತ್ತದೆ, ಕೆಳಗೆ ಪಟ್ಟಿ ಬಣ್ಣ ಬದಲಿಸುತ್ತದೆ. ಯಂತ್ರದವನು ಕಡ್ಡಿ ಹಿಡಿದು ವಿವರಿಸುತ್ತಿದ್ದ. ನಾನು ನೋಡುತ್ತಿದ್ದದ್ದು ಕುರ್ಚಿಯನ್ನು. ಹಿಡಿಕೆ ಎಳೆದರೆ ಒಂದೊಂದೇ ಹಲ್ಲು ಇಳಿಯುವ ಹಳೆಯ ಕುರ್ಚಿ ಅದು, ಎಷ್ಟು ಹಲ್ಲು ಇಳಿದಿದೆ ಎಂದು ನನಗೆ ಬೆನ್ನಿನ ಓರೆ ನೋಡಿದರೆ ತಿಳಿಯುತ್ತದೆ. ಮೊದಲ ಬುಧವಾರ ನೆಟ್ಟಗಿತ್ತು. ಮುಂದಿನ ವಾರ ಒಂದು ಹಲ್ಲು. ಅದರ ಮುಂದಿನ ವಾರ ಇನ್ನೊಂದು. ರೇಜರ್ ಇನ್ನೂ ಮೇಜಿನ ಮೇಲೇ ಇದೆ, ನಿನ್ನ ಕೈ ಹಿಡಿಕೆಯ ಮೇಲಿದೆ, ಬೆನ್ನು ವಾಲುತ್ತಿದ್ದ ಹಾಗೆ ಅವನು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿಯುತ್ತಾನೆ. ಅವನಿಗೆ ನಿನ್ನ ಕೈಯ ಭಯವಿಲ್ಲ, ವಾಲುವುದರ ಭಯ. ಹಾಗಿದ್ದೂ ವಾರವಾರವೂ ಇನ್ನಷ್ಟು ವಾಲಿಸಿದ್ದೀಯ. ಇವನೇಕೆ ನನ್ನ ಮಗನನ್ನು ಹಿಂಸೆ ಮಾಡುತ್ತಿದ್ದಾನೆ ಎಂದು, ಆ ಕತ್ತಲೆ ಕೋಣೆಯಲ್ಲಿ, ನಿನ್ನ ಮೇಲೆ ಮತ್ತೆ ಕೋಪ ಬಂತು. ನನ್ನ ಬುದ್ಧಿ ಎಲ್ಲಿಗೆ ಓಡುತ್ತದೆ ನೋಡು.

ಇನ್ನೊಂದು ಕಂಡೆ. ನೀನು ಇದ್ದ ಕೊನೆಯ ಬುಧವಾರ, ಕುರ್ಚಿಯನ್ನು ಮೇಲೆತ್ತಿದ ಮೇಲೆ, ಅವನು ಕಣ್ಣು ಬಿಟ್ಟು ಕನ್ನಡಿಯಲ್ಲಿ ನಿನ್ನನ್ನು ನೋಡಿ ನಕ್ಕಿದ್ದಾನೆ. ಪಟ್ಟಿಯಲ್ಲಿ ಅದು ಹುಲ್ಲಿನ ಎಸಳಿನಷ್ಟು ತೆಳ್ಳನೆಯ ಹಸಿರು. ಇದು ನನಗೆ ಕಳಿಸಿದ ಪಟ್ಟಿಯಲ್ಲಿ ಇರಲಿಲ್ಲವಲ್ಲ ಎಂದೆ. ವಾರದ ಪಟ್ಟಿಯಲ್ಲಿ ಸರಾಸರಿ ಮಾತ್ರ ಬರುತ್ತದೆ, ಅಷ್ಟು ಸಣ್ಣದು ಅದರಲ್ಲಿ ಕರಗಿಹೋಗುತ್ತದೆ ಸಾರ್ ಎಂದ. ಮೊತ್ತ ಓದಿ ಎದ್ದುಹೋಗುವ ಅಭ್ಯಾಸ ನನ್ನದು. ಮೇಲಿನ ಸಾಲು ಯಾವತ್ತು ನೋಡಿದ್ದೇನೆ?

ಮರುದಿನ ಮಗ ಮರೆತುಹೋದ ಊಟದ ಡಬ್ಬಿ ಹಿಡಿದು ಲಿಫ್ಟ್ ಕಂಪನಿಗೆ ಹೋದೆ. ಮರೆತದ್ದಲ್ಲ, ನಾನೇ ಅವನ ಚೀಲದಿಂದ ತೆಗೆದಿಟ್ಟಿದ್ದೆ. ಅವನು ಇಲ್ಲದ ಹೊತ್ತಿನಲ್ಲಿ ಸೂಪರ್‌ವೈಸರ್ ಸಿಕ್ಕ. ಸೆಪ್ಟೆಂಬರಿನಲ್ಲಿ ಒಂದು ಕಟ್ಟಡದಲ್ಲಿ ನಮ್ಮವನೂ ಜೊತೆಗಾರನೂ ಲಿಫ್ಟಿನ ತಲೆಯ ಮೇಲೆ ನಿಂತು ಕೆಲಸ ಮಾಡುತ್ತಿದ್ದಾಗ ಬ್ರೇಕು ಜಾರಿ ಲಿಫ್ಟು ಧಡಕ್ಕನೆ ಇಳಿಯಿತಂತೆ. ಜೊತೆಗಾರ ಬಿದ್ದು ಸೊಂಟ ಮುರಿದುಕೊಂಡ. ನಮ್ಮವನು ಬೆನ್ನು ಕೆಳಗಾಗಿ ಮಗುಚಿ, ಬೆಲ್ಟಿನಲ್ಲಿ ನೇತಾಡಿಕೊಂಡು, ಕೆಳಗೆ ಅವನು ಕೂಗುವುದನ್ನು ಕೇಳುತ್ತಾ ಇದ್ದನಂತೆ, ಯಾರೋ ಬಂದು ಎಳೆಯುವವರೆಗೆ. ಅಂದಿನಿಂದ ಮೇಲೆ ಹತ್ತಿಲ್ಲ. ನೆಲಮಹಡಿಯ ಸ್ಟೋರಿನಲ್ಲಿ ಕೂತು ಬೋಲ್ಟು, ಎಣ್ಣೆ ಕೊಡುತ್ತಿದ್ದಾನೆ. "ಮನೇಲಿ ಹೇಳಿಲ್ವಾ?" ಎಂದು ಸೂಪರ್‌ವೈಸರ್ ಕೇಳಿದ. ಹೇಳಿದಾನೆ ಎಂದೆ.

ಆಮೇಲೆ ಆ ಮನುಷ್ಯ ಹೇಳಿದ್ದು ಬರೆಯಲು ಕಷ್ಟ, ಆದರೂ ಬರೆಯುತ್ತೇನೆ. ಡಿಸೆಂಬರಿನಲ್ಲಿ ಸುಧಾರಿಸಿದ್ದನಂತೆ. ಎಲ್ಲೋ ಅಭ್ಯಾಸ ಮಾಡುತ್ತಿದ್ದೇನೆ, ಜನವರಿ ಕೊನೆಗೆ ಮೇಲೆ ಹೋಗುತ್ತೇನೆ ಎಂದು ತಾನೇ ಬಂದು ಹೇಳಿದ್ದನಂತೆ. ಜನವರಿ ಮಧ್ಯದಲ್ಲಿ ಏನಾಯಿತೋ, ಮತ್ತೆ ಆಗುವುದಿಲ್ಲ ಎಂದನಂತೆ. ಏಪ್ರಿಲ್ ಮುಗಿಯುವವರೆಗೆ ಕಾಯುತ್ತೇನೆ, ಅಲ್ಲಿಂದಾಚೆ ಕಂಪನಿ ನನ್ನ ಮಾತು ಕೇಳುವುದಿಲ್ಲ ಎಂದ.

ಜನವರಿ ಮಧ್ಯದಲ್ಲಿ ಏನಾಯಿತು ಎಂದು ಅವನಿಗೆ ಗೊತ್ತಿಲ್ಲ. ನನಗೆ ಗೊತ್ತು, ನಿನಗೆ ಗೊತ್ತು, ಅಂಗಡಿಯಲ್ಲಿ ನಕ್ಕ ಆ ಇಬ್ಬರಿಗೂ ಗೊತ್ತು.

ಅಲ್ಲಿಂದ ನೇರ ಅಂಗಡಿಗೆ ಬಂದೆ. ಕುರ್ಚಿಯಲ್ಲಿದ್ದವನು, "ಮಗ ಹೇಗಿದಾನೆ, ಇನ್ನೂ ಆಕಾಶದಲ್ಲೇನಾ?" ಎಂದ. "ಆಕಾಶದಲ್ಲೇ, ಹಕ್ಕಿಗಳು ದಾರಿ ಬಿಡ್ತವೆ ಅವನಿಗೆ" ಎಂದು ಬಾಯಿ ತಾನಾಗಿ ಹೇಳಿತು. ಅವನ ಪಟ್ಟಿ ಹಸಿರಾಗಿರಬೇಕು.

ಒಂದು ಸಲ ನಿನ್ನ ಬಾಯಿಂದ ಕೇಳಬೇಕು. ಆ ಹಲ್ಲು ಇಳಿಸಿದ್ದು ಅವನು ಕೇಳಿದ್ದಕ್ಕೆ, ಅಲ್ಲವೇ?

ರೇಡಿಯೋ


ಮಾರ್ಚ್ ೧೫

ರೇಡಿಯೋ,

ಹೌದು, ಅವನು ಕೇಳಿದ್ದಕ್ಕೆ. ನೀನು ಕಣ್ಣಾರೆ ಕಂಡಿರುವುದರಿಂದ ಅಷ್ಟು ಹೇಳುತ್ತೇನೆ. ಅವನೇ "ಇವತ್ತು ಒಂದು ಹಲ್ಲು ಜಾಸ್ತಿ ಮಾಮ" ಎನ್ನುತ್ತಿದ್ದ. ನನ್ನ ಕೈ ಅವನ ಹಣೆಯ ಮೇಲಿರಬೇಕು, ನಾನು ಮಾತಾಡಬಾರದು, ಅವನು ಸಾಕು ಎಂದ ಕೂಡಲೇ ಎತ್ತಬೇಕು, ಇಷ್ಟೇ ನಮ್ಮ ಕರಾರು. ತುಟಿ ಅಲ್ಲಾಡುತ್ತಿತ್ತು ಎಂದು ಬರೆದಿದ್ದೆಯಲ್ಲ, ಅದು ಮಾತಲ್ಲ. ಒಂದು, ಎರಡು ಎಂದು ಎಣಿಸುತ್ತಿದ್ದ. ನಾನು ಬಗ್ಗುತ್ತಿದ್ದದ್ದು ಸಾಕು ಎಂದದ್ದು ಕೇಳಿಸದೆ ಹೋಗಬಾರದು ಎಂದು. ಗಡ್ಡ ಮಾಡುವುದು ಬರೀ ನೆಪ. ಇನ್ನು ಒಂದೇ ಹಲ್ಲು ಉಳಿದಿತ್ತು.

ನಿನಗೆ ಯಾಕೆ ಹೇಳಲಿಲ್ಲ ಎಂದು ನೀನು ಎಲ್ಲೂ ಕೇಳಿಲ್ಲ. ಕೇಳಲು ಹೆದರಿದ್ದೀಯ, ಅದಕ್ಕೆ ನಾನೇ ಹೇಳುತ್ತೇನೆ. ಅವನು ಕೆಲಸಕ್ಕೆ ಸೇರಿದ ಮೊದಲ ದಿನ ಲಿಫ್ಟ್ ಗುಂಡಿಯೊಳಗೆ ಬಗ್ಗಿ ನೋಡಿ ವಾಂತಿ ಮಾಡಿಕೊಂಡ. ಮನೆಗೆ ಬಂದು ನಿನ್ನೊಬ್ಬನಿಗೆ ಹೇಳಿದ. ಮರುದಿನ ಅಂಗಡಿಯಲ್ಲಿ ನೀನು ಅದನ್ನು ಹೇಳಿ ನಗಿಸಿದೆ. ವಾರ ಕಳೆಯುವುದರಲ್ಲಿ ನಿನ್ನ ಕಥೆಯಲ್ಲಿ ಆ ವಾಂತಿ ಮೇಲಧಿಕಾರಿಯ ತಲೆಯ ಮೇಲೆ ಬಿದ್ದಿತ್ತು. ತಿಂಗಳಿಗೆ ಅದು ಕಟ್ಟಡದ ಮಾಲೀಕನ ಹೆಂಡತಿಯ ಮೇಲೆ. ಒಂದು ದಿನ ಅವನು ನಿನಗೆ ಊಟ ತಂದು ಬಾಗಿಲಲ್ಲಿ ನಿಂತಿದ್ದ, ನೀನು ಕಥೆಯ ನಡುವೆ ಇದ್ದೆ, ಗಿರಾಕಿಗಳು ಹೊಟ್ಟೆ ಹಿಡಿದುಕೊಂಡಿದ್ದರು. ನಿನ್ನನ್ನು ತಡೆಯಬಹುದಿತ್ತು. ನಾನು ಕತ್ತರಿ ಆಡಿಸುತ್ತಲೇ ಇದ್ದೆ. ಆ ಪಾಲು ನನ್ನದು.

ನೀನು ಪರದೆ ತಿರುಗಿಸಿದ ದಿನ ಸಂಜೆ ಅವನು ನಮ್ಮ ಮನೆಗೆ ಬಂದ. ಸುದ್ದಿ ಅವನಿಗೆ ಮುಟ್ಟಿತ್ತು. ಅದು ನನ್ನ ಮುಖ ಅಂತ ಅಪ್ಪನಿಗೆ ಹೇಳ್ತೀನಿ ಮಾಮ, ನಿಮ್ಮ ಕೆಲಸ ನಿಮಗೆ ವಾಪಸು ಸಿಗುತ್ತೆ ಎಂದ. ನಾನು ಬೇಡ ಎಂದೆ. ನನ್ನ ಕೆಲಸ ಉಳಿಸಲು ಅವನು ತನ್ನನ್ನು ಬಯಲಿಗೆ ಹಾಕಿಕೊಳ್ಳುವುದು ಬೇಡ ಎಂದು ನನ್ನ ಲೆಕ್ಕ. ಆಮೇಲೆ ಅವನು ನಮ್ಮ ಮನೆ ಕಡೆ ಬರಲಿಲ್ಲ. ನಾನು ಕೆಲಸ ಕಳೆದುಕೊಂಡದ್ದು ತನ್ನಿಂದ ಎಂದು ಅವನಿಗೆ. ನಾನು ಬಾ ಎಂದು ಹೇಳಿ ಕಳಿಸಿದೆ, ಬರಲಿಲ್ಲ. ಯಂತ್ರ ತಪ್ಪು ಹೇಳಿತು ಎಂದು ನೀನು ಸಮಾಧಾನ ಮಾಡಿಕೊಳ್ಳಬೇಡ. ಭಯ ಎಂದಿತು, ಭಯವೇ ಇತ್ತು. ಯಾರದು, ಯಾತರದು ಎಂದು ಕೇಳುವುದು ನಿನ್ನ ಕೆಲಸವಾಗಿತ್ತು.

ಈಗ ನಿನಗೆ ಎಲ್ಲ ಗೊತ್ತು. ಅದೇ ನನಗೆ ಚಿಂತೆ. ಅವನು ತಾನಾಗಿ ಬಂದು ಹೇಳುವವರೆಗೆ ನಿನಗೆ ಗೊತ್ತಿಲ್ಲದ ಹಾಗೆ ಇರು. ಆಗುತ್ತದೆಯೇ ನಿನ್ನಿಂದ?

ಹತ್ತಿಕೈ


ಮಾರ್ಚ್ ೧೯

ಹತ್ತಿಕೈ,

ಆಗುತ್ತದೆ. ಬಾಯಿಗೆ ಬೀಗ ಹಾಕಿದ್ದೇನೆ. ಇಂದು ಒಬ್ಬನ ಪೂರ್ತಿ ಕ್ಷೌರ ಮುಗಿಸಿದೆ, ಒಂದು ಮಾತಾಡಲಿಲ್ಲ. ಹೋಗುವಾಗ, "ಮೈ ಹುಷಾರಿಲ್ವಾ?" ಎಂದು ಕೇಳಿಹೋದ.

ನಿನಗೆ ಮಾತು ಕೊಟ್ಟಿರುವ,
ರೇಡಿಯೋ


ಏಪ್ರಿಲ್ ೨

ಹತ್ತಿಕೈ,

ಮಾತು ಉಳಿಸಿಕೊಳ್ಳಲಿಲ್ಲ.

ಒಂದು ವಾರ ತಡೆದೆ. ಆಮೇಲೆ ಮೂಲೆಮನೆಯ ಔಷಧಿ ಅಂಗಡಿಯವನು ಬಂದು ಕೂತ. ಅವನ ಮಗಳಿಗೆ ಗಾಡಿಯಿಂದ ಬಿದ್ದ ಮೇಲೆ ರಸ್ತೆ ದಾಟಲು ಭಯವಂತೆ. ಬಹಳ ನೊಂದುಕೊಂಡು ಹೇಳಿದ. ಅವನಿಗೆ ಧೈರ್ಯ ಹೇಳೋಣವೆಂದು, ಅಕ್ಕಪಕ್ಕದವರಿಗೆ ಕೇಳದ ಹಾಗೆ ದನಿ ತಗ್ಗಿಸಿ, ನಮ್ಮವನೂ ಹೀಗೇ ಇದ್ದಾನಪ್ಪ ಎಂದು ಶುರು ಮಾಡಿದೆ. ನಗಿಸಲಿಲ್ಲ, ಉಪ್ಪುಖಾರ ಹಚ್ಚಲಿಲ್ಲ, ಇದ್ದದ್ದನ್ನೇ ಹೇಳಿದೆ. ಒಳ್ಳೆಯದಕ್ಕೇ ಹೇಳಿದೆ ಎಂದು ಅವನು ಎದ್ದುಹೋಗುವವರೆಗೂ ಅಂದುಕೊಂಡಿದ್ದೆ. ಅವನು ಬಾಗಿಲು ದಾಟಿದ ಮೇಲೆ ನಿನಗೆ ಕೊಟ್ಟ ಮಾತು ನೆನಪಾಯಿತು.

ಔಷಧಿಯವನು ಒಳ್ಳೆಯ ಮನುಷ್ಯ. ಮೂರನೇ ದಿನ ರಸ್ತೆಯಲ್ಲಿ ನಮ್ಮವನನ್ನು ನಿಲ್ಲಿಸಿ, ಹೆಗಲ ಮೇಲೆ ಕೈಯಿಟ್ಟು, ಎಲ್ಲ ಸರಿಹೋಗುತ್ತದೆ ಎಂದನಂತೆ.

ಮಗ ಮನೆಗೆ ಬಂದಾಗ ನಾನು ಚಪ್ಪಲಿ ಬಿಚ್ಚುತ್ತಿದ್ದೆ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ನಿನಗೆ ಯಾರು ಹೇಳಿದ್ದು? ಮಾಮನಾ?"

"ಮಾಮ ಹೇಳಲಿಲ್ಲ ಕಣೋ. ಕ್ಯಾಮೆರಾದಲ್ಲಿ ನೋಡ್ದೆ."

"ಬಣ್ಣ ಹಾಕ್ಸಿ?"

ಹೌದು ಎಂದೆ.

"ದಿನಾ ಎದುರಿಗೆ ಕೂತು ಊಟ ಮಾಡ್ತೀನಲ್ಲಪ್ಪ. ಆಗ ಕಾಣ್ಲಿಲ್ವಾ?"

ಅವನು ಕಾದ. ನಿಜವಾಗಿಯೂ ಉತ್ತರಕ್ಕೆ ಕಾದ. ನಾನು ತಪ್ಪಾಯಿತು ಎಂದೆ. ಅದು ಅವನು ಕೇಳಿದ್ದಕ್ಕೆ ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಈಗ ಊಟ ಅಡುಗೆಮನೆಯಲ್ಲಿ ನಿಂತೇ ಮುಗಿಸುತ್ತಾನೆ. ಬೇಕಾದ್ದನ್ನು ಅಮ್ಮನ ಕೈಲಿ ಹೇಳಿಸುತ್ತಾನೆ.

ಯಂತ್ರದವನ ಹತ್ತಿರ ಹೋಗಿ ಆ ಪಟ್ಟಿಯನ್ನೂ ವಿಡಿಯೋವನ್ನೂ ಅಳಿಸು ಎಂದೆ. ಅಳಿಸಿದ್ದೇನೆ ಎಂದು ತೋರಿಸಿದ. ಪರದೆಯಿಂದ ಹೋದದ್ದು ಕಂಡಿತು. ಇನ್ನೆಲ್ಲಿದೆಯೋ. ಎಷ್ಟು ಮುಖ ಜಾಸ್ತಿ ನೋಡುತ್ತದೋ ಯಂತ್ರ ಅಷ್ಟು ಚುರುಕಾಗುತ್ತದೆ ಎಂದು ಅವನೇ ಹಿಂದೆ ಹೇಳಿದ್ದ. ಬೇರೆ ಊರಿನ ಯಾವುದೋ ಸಲೂನಿನಲ್ಲಿ ಯಾರದೋ ಭಯವನ್ನು ಗುರುತು ಹಿಡಿಯುವಾಗ ನನ್ನ ಮಗನ ಹುಬ್ಬೂ ಅದರ ಲೆಕ್ಕದಲ್ಲಿರುತ್ತದೆ. ಒಪ್ಪಿಗೆ ಕೊಟ್ಟವನು ನಾನು. ಕ್ಯಾಮೆರಾಗಳನ್ನೆಲ್ಲ ಬಿಚ್ಚಿಸಿದೆ. ಅದರಿಂದ ಆಗಿಹೋದದ್ದರಲ್ಲಿ ಒಂದು ಕೂದಲೂ ಕಡಿಮೆಯಾಗುವುದಿಲ್ಲ.

ಈಗ ಈ ಕಾಗದ ಬರೆದ ಕಾರಣ. ನಾಳೆ ನಿನ್ನ ಮನೆಗೆ ಒಂದು ಸಾಮಾನಿನ ಗಾಡಿ ಬರುತ್ತದೆ. ಅದರಲ್ಲಿ ಮೂರನೇ ಕುರ್ಚಿ ಇದೆ. ಇಂದು ಅಂಗಡಿ ಮುಚ್ಚಿ ನಾನೇ ನೆಲದ ಬೋಲ್ಟು ಬಿಚ್ಚಿದೆ. ತುಕ್ಕು ಹಿಡಿದಿದ್ದವು, ಬೆರಳು ತರಚಿತು. ಹಿಡಿಕೆಗೆ ಎಣ್ಣೆ ಬಿಟ್ಟಿದ್ದೇನೆ, ಹಲ್ಲು ಮೆತ್ತಗೆ ಇಳಿಯುತ್ತದೆ. ಕೊನೆಯ ಹಲ್ಲು ಮಾತ್ರ ಮೊದಲಿನಿಂದಲೂ ಸ್ವಲ್ಪ ಬಿಗಿ, ನಿನಗೆ ಗೊತ್ತೇ ಇದೆ. ನಿನ್ನ ಮುಂದಿನ ಕೋಣೆಯ ಬಾಗಿಲಲ್ಲಿ ಹಿಡಿಯದಿದ್ದರೆ ಕುರ್ಚಿಯ ಕೈಗಳನ್ನು ಬಿಚ್ಚಿ ಒಳಗೆ ಹಾಕಿ ಮತ್ತೆ ಕೂರಿಸು. ಕೈಗಳು ಬೇಕು ಅದಕ್ಕೆ.

ಇದು ನಿನ್ನ ಬಾಯಿ ಮುಚ್ಚಿಸಲು ಕೊಡುತ್ತಿರುವುದಲ್ಲ, ನಿನ್ನನ್ನು ವಾಪಸು ಕರೆಯಲು ಒಡ್ಡಿದ ಗಾಳವೂ ಅಲ್ಲ. ಏಪ್ರಿಲ್ ಮುಗಿಯಲು ಇನ್ನೂ ನಾಲ್ಕು ಬುಧವಾರ ಇದೆ. ಕುರ್ಚಿ ಮಾಮನ ಮನೆಗೆ ಹೋಯಿತು ಎಂದು ಅವನ ಅಮ್ಮ ಅವನಿಗೆ ಹೇಳುತ್ತಾಳೆ. ಅಷ್ಟನ್ನು ಮಾತ್ರ ಹೇಳು ಎಂದಿದ್ದೇನೆ. ಬರುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದರೆ ನೀನು ಏನು ಮಾಡಬೇಕೆಂದು ನಾನು ಹೇಳಬೇಕಾಗಿಲ್ಲ.

ಒಂದು ಮಾತು ನಡೆಸಿಕೊಡು. ಯಾರು ಬಂದರು, ಎಷ್ಟು ಹಲ್ಲು ಇಳಿಯಿತು, ನಕ್ಕನೋ ಇಲ್ಲವೋ, ಏನನ್ನೂ ನನಗೆ ಬರೆಯಬೇಡ. ನಾನು ಕಾಗದದ ಮೇಲೆ ಕಾಗದ ಬರೆದು ಕೇಳಬಹುದು, ಆಗಲೂ ಬರೆಯಬೇಡ. ಬರೆದರೆ ಓದುತ್ತೇನೆ. ಓದಿದರೆ ಹೇಳಿಬಿಡುತ್ತೇನೆ.

ರೇಡಿಯೋ